ಬೇಜಾರಾಗೋ ಆ ಲೆವೆಲ್ಲನ್ನೇ ಯಾಕೆ ಮತ್ತೆ ಮತ್ತೆ ಆಡ್ತೀಯ?

ನಾನು 'ಹಾಫ್-ಲೈಫ್ 2' ಅನ್ನೋ ವಿಡಿಯೋ ಗೇಮ್ ಆಡೋದನ್ನು ಹಿಂದೆ ನಿಂತು ನೋಡಿದವರೆಲ್ಲ ಕೇಳೋ ಪ್ರಶ್ನೆ ಇದು. "ಏನೋ ಇದು, ಒಂದು ನರಪಿಳ್ಳೆ ಇಲ್ಲ, ನೋಡಿದ್ರೇನೇ ಮನಸ್ಸಿಗೆ ಒಂಥರಾ ಆಗುತ್ತೆ, ಬೇರೆ ಗೇಮ್ ಸಿಗಲಿಲ್ವಾ ನಿಂಗೆ?" ಅಂತಾರೆ. ಅವರು ಹೇಳೋದು 'ಹೈವೇ 17' ಅನ್ನೋ ಅಧ್ಯಾಯದ ಬಗ್ಗೆ. ಆ 'ಒಂಥರಾ' ಆಗಲಿ ಅಂತಲೇ ನಾನು ಅದನ್ನು ಆಡೋದು.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳ್ತೀನಿ. ವಾಲ್ವ್ ಕಂಪನಿಯ ಈ ಗೇಮ್ ಬಂದಿದ್ದು 2004ರಲ್ಲಿ. ಕಂಬೈನ್ ಅನ್ನೋ ಬೇರೆ ಲೋಕದವರು ಭೂಮಿಯನ್ನು ಹಿಡಿದುಕೊಂಡಿದ್ದಾರೆ. ಮಕ್ಕಳು ಹುಟ್ಟದ ಹಾಗೆ ಮಾಡಿದ್ದಾರೆ, ಸಮುದ್ರದ ನೀರನ್ನೂ ಬಿಟ್ಟಿಲ್ಲ. ನಾವು ಗೇಮಿನ ನಾಯಕ ಗಾರ್ಡನ್ ಫ್ರೀಮನ್ ಆಗಿ ಒಂದು ಬಗ್ಗಿ ಗಾಡಿಯಲ್ಲಿ ಕರಾವಳಿ ರಸ್ತೆ ಹಿಡಿದು ಹೋಗಬೇಕು. ಇದಕ್ಕೆ ಮುಂಚಿನ ಅಧ್ಯಾಯ ರೇವನ್‌ಹೋಮ್, ರಾತ್ರಿಯ ಊರು, ಕಂಡಲ್ಲೆಲ್ಲ ಜೋಂಬಿಗಳು. ಅಲ್ಲಿ ಒಬ್ಬರೇ ಇದ್ದರೂ ಒಂಟಿ ಅನ್ನಿಸೋದಿಲ್ಲ, ಯಾಕಂದ್ರೆ ಹೆದರೋದರಲ್ಲೇ ಹೊತ್ತು ಹೋಗುತ್ತೆ. ಅದನ್ನು ದಾಟಿ ಹಗಲು ಬೆಳಕಿಗೆ, ಸಮುದ್ರದ ಪಕ್ಕಕ್ಕೆ ಬಂದಾಗಲೇ ಒಂಟಿತನ ಬಂದು ಕೂರೋದು.

ಹೆಚ್ಚಿನವರು ಅಲ್ಲಿ ಗಾಡಿ ಓಡಿಸಿಕೊಂಡು ಹೋಗಿಬಿಡ್ತಾರೆ. ನಿಲ್ಲಿಸಿ, ಇಳಿದು ನೋಡಬೇಕು. ಇಂಜಿನ್ ಸದ್ದು ನಿಂತ ತಕ್ಷಣ ಬರೀ ಗಾಳಿ, ಅಲೆ. ಹೆಚ್ಚು ಹೊತ್ತು ಹಿನ್ನೆಲೆ ಸಂಗೀತವೇ ಇರೋದಿಲ್ಲ. ನೀರು ಎಷ್ಟೋ ದೂರ ಹಿಂದಕ್ಕೆ ಸರಿದಿದೆ, ದೋಣಿಗಳು ಒಣ ಮರಳಿನ ಮೇಲೆ ವಾಲಿಕೊಂಡಿವೆ. ರಸ್ತೆ ಪಕ್ಕದ ಮನೆಯೊಳಗೆ ಹೋದರೆ ಹಳೇ ಮೇಜು, ಬಿದ್ದ ಕುರ್ಚಿ. ದೂರದಿಂದಲೇ ವಸ್ತುಗಳನ್ನು ಎತ್ತೋ ಗ್ರಾವಿಟಿ ಗನ್ನಿನಿಂದ ಆ ಕುರ್ಚಿಯನ್ನು ಎತ್ತಿ ಕಿಟಕಿ ಹತ್ತಿರ ಇಡಬಹುದು. ಇಟ್ಟು ಏನು ಮಾಡ್ತೀರ, ಕೂರೋಕೆ ಯಾರೂ ಬರೋದಿಲ್ಲ. ಗಾರ್ಡನ್ ಇಡೀ ಗೇಮಿನಲ್ಲಿ ಒಂದು ಮಾತೂ ಆಡೋದಿಲ್ಲ, ಹಾಗಾಗಿ ನಮ್ಮ ಪರವಾಗಿ "ಅಯ್ಯೋ" ಅನ್ನೋರೂ ಇಲ್ಲ. ನಡುವೆ ಸೈನಿಕರು ಬರ್ತಾರೆ, ಗುಂಡು ಹಾರುತ್ತೆ, ನನ್ನ ಪ್ರಕಾರ ಅದೆಲ್ಲ ಸಾಧಾರಣ. ದೊಡ್ಡ ರೈಲು ಸೇತುವೆಯ ಕೆಳಗೆ ಕಬ್ಬಿಣದ ತೊಲೆಗಳ ಮೇಲೆ ನಡೆಯೋ ಜಾಗ ಮಾತ್ರ ಬೇರೆಯೇ. ಗಾಳಿಗೆ ಸೇತುವೆ ಕಿರುಗುಟ್ಟುತ್ತೆ, ಕೆಳಗೆ ನೋಡಿದರೆ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುತ್ತೆ.

ಜಾಗ ಖಾಲಿ ಇದ್ದ ಮಾತ್ರಕ್ಕೆ ಬೇಜಾರಾಗೋದಿಲ್ಲ. ಮಂಜು ಕವಿದ ದಿನ ಮುಳ್ಳಯ್ಯನಗಿರಿ ಮೇಲೆ ಒಬ್ಬರೇ ನಿಂತುಕೊಳ್ಳಿ, ಖುಷಿಯೇ ಆಗುತ್ತೆ, ಅಲ್ವಾ? ಅದೇ ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿರೋ ಶೆಟ್ಟಿಹಳ್ಳಿ ಚರ್ಚಿಗೆ ಬೇಸಿಗೆಯಲ್ಲಿ ಹೋಗಿ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಅಣೆಕಟ್ಟು ಆದಮೇಲೆ ಊರಿನವರು ಬೇರೆ ಕಡೆ ಹೋದರು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಮುಳುಗುತ್ತೆ, ನೀರು ಇಳಿದಾಗ ಕಮಾನುಗಳು ಮೇಲೆ ಕಾಣುತ್ತವೆ. ಅಲ್ಲಿ ಮನಸ್ಸು ಭಾರ ಆಗೋದು ಜನ ಇಲ್ಲ ಅಂತ ಅಲ್ಲ. ಜನ ಇದ್ದರು ಅಂತ ಗೋಡೆ ಹೇಳ್ತಾ ಇರುತ್ತೆ, ಅದಕ್ಕೆ. 'ಹೈವೇ 17' ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೇಮಿನ ಕಲಾ ನಿರ್ದೇಶಕ ವಿಕ್ಟರ್ ಆಂಟೊನೊವ್ ಬಲ್ಗೇರಿಯಾದ ಸೋಫಿಯಾದಲ್ಲಿ ಹುಟ್ಟಿದವರು, ಗೇಮಿನ ಮನೆ, ಬೀದಿಗಳೆಲ್ಲ ಪೂರ್ವ ಯುರೋಪಿನವು. ಬಾಳಿದ ಮನೆ ಹೇಗಿರುತ್ತೆ ಅಂತ ಬಲ್ಲವರ ಕೈ ಅದು.

ಆದರೂ ಮತ್ತೆ ಮತ್ತೆ ಯಾಕೆ? ನಮ್ಮ ಸಕಲೇಶಪುರದ ಕಡೆ ಬೀಗ ಹಾಕಿದ ಮನೆಗಳು ಜಾಸ್ತಿ ಆಗಿವೆ. ಮಕ್ಕಳು ಬೆಂಗಳೂರಿನಲ್ಲಿ, ದೀಪಾವಳಿಗೆ ಬಂದರೆ ಬಾಗಿಲು ತೆಗೀತಾರೆ. ಅಂಥ ಮನೆ ಮುಂದೆ ಒಂದು ನಿಮಿಷ ನಿಂತರೆ ಸಾಕು, ಜೊತೆಗಿದ್ದವರು "ಬಾರೋ, ಹೊತ್ತಾಯ್ತು" ಅಂತಾರೆ. ಆ ದುಃಖವನ್ನು ಪೂರ್ತಿ ಪಡೋಕೆ ಯಾರೂ ಬಿಡೋದಿಲ್ಲ. ಈ ಲೆವೆಲ್ಲಿನಲ್ಲಿ ಯಾರೂ ಅವಸರ ಮಾಡೋದಿಲ್ಲ. ಬೇಕಾದಷ್ಟು ಹೊತ್ತು ನಿಂತುಕೊಳ್ಳಬಹುದು.

ನೀವೂ ಆಡೋದಾದರೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆಡಿ. ಸಿಗೋ ಪ್ರತಿ ಮನೆಗೂ ಇಳಿದು ಹೋಗಿ. ಸಮುದ್ರಕ್ಕೆ ಮಾತ್ರ ಇಳಿಯಬೇಡಿ, ಆಳಕ್ಕೆ ಹೋದರೆ ಜಿಗಣೆಗಳು ಮುತ್ತಿಕೊಂಡು ಸಾಯಿಸ್ತವೆ.