ಕಲ್ಲಿದ್ದಲಿನ ನಂತರ ಮಕ್ಕಳು

ಗೋವಾದ ವಾಸ್ಕೋ ಊರಿನ ನಮ್ಮ ಓಣಿಯಲ್ಲಿ ಕನ್ನಡ, ಕೊಂಕಣಿ, ಮರಾಠಿ ಮಕ್ಕಳು ಒಟ್ಟಿಗೇ ಆಡ್ತಾರೆ. ಅವರನ್ನು ನೋಡುವಾಗ ಯುರೋಪ್ ನೆನಪಾಗುತ್ತೆ.

1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ ಸೇರಿ ಆರು ದೇಶಗಳು ಕಲ್ಲಿದ್ದಲು, ಉಕ್ಕಿಗಾಗಿ ಒಂದಾದವು. ನನಗೆ ಅದಕ್ಕಿಂತ ದೊಡ್ಡದೆನಿಸೋದು 1963. ಫ್ರೆಂಚ್, ಜರ್ಮನ್ ಹುಡುಗ ಹುಡುಗಿಯರು ಪರಸ್ಪರರ ಊರಿಗೆ ಹೋಗಿ ಬರಲೆಂದೇ ಎರಡೂ ಸರ್ಕಾರಗಳು ಒಂದು ಸಂಸ್ಥೆ ಕಟ್ಟಿದವು. ಇಬ್ಬರೂ ಕಾದಾಡಿದ ಎರಡನೇ ಮಹಾಯುದ್ಧ ಮುಗಿದು ಇಪ್ಪತ್ತು ವರ್ಷವೂ ಆಗಿರಲಿಲ್ಲ! ಸುಮ್ಮನೆ ಎದುರಾದರೆ ಸಾಲದು, ಸರಿಸಮಾನರಾಗಿ ಒಂದೇ ಕೆಲಸಕ್ಕೆ ಕೈ ಹಾಕಿದಾಗ ಪೂರ್ವಗ್ರಹ ಕರಗುತ್ತೆ ಅಂತ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದರು.

ನಮ್ಮ ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್‌ನ ಶೃಂಗಸಭೆ 2014ರ ನಂತರ ನಡೆದೇ ಇಲ್ಲ, ಬೇಜಾರಾಗುತ್ತೆ. ನಾಯಕರು ಸೇರುವ ತನಕ ಕಾಯೋದು ಯಾಕೆ? ಢಾಕಾದ, ಲಾಹೋರಿನ ವಿದ್ಯಾರ್ಥಿಗಳು ನಮ್ಮ ಮಕ್ಕಳ ಪಕ್ಕ ಕೂತು ಒಂದು ಸೆಮಿಸ್ಟರ್ ಓದುವಂತಾಗಲಿ.