ಗ್ರ್ಯಾಂಡ್ ವಿಟಾರಾನೋ ಹೈರೈಡರೋ? ಮೊದಲು ಎಂಜಿನ್ ಯಾವುದು ಹೇಳಿ

ಹದಿನೈದು-ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿ ಮನೆಮಂದಿಗೆಲ್ಲ ಆಗುವಂಥ ಕಾರು ನೋಡುತ್ತಿರುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ಮಾರುತಿ ಗ್ರ್ಯಾಂಡ್ ವಿಟಾರಾ ತಗೊಳ್ಳೋದಾ, ಟೊಯೊಟಾ ಹೈರೈಡರ್ ತಗೊಳ್ಳೋದಾ? ಜೊತೆಗೆ ಎರಡು ನಂಬಿಕೆಗಳೂ ಬಂದಿರುತ್ತವೆ. ಮಾರುತಿ ಅಂದರೆ ಖರ್ಚು ಕಡಿಮೆ, ಟೊಯೊಟಾ ಅಂದರೆ ಗಟ್ಟಿ. ಈ ಎರಡು ಕಾರುಗಳ ಮಟ್ಟಿಗೆ ಇವೆರಡೂ ಕೆಲಸಕ್ಕೆ ಬರುವುದಿಲ್ಲ. ಯಾಕೆಂದರೆ ಇವು ಎರಡು ಹೆಸರಿನ ಒಂದೇ ಕಾರು.

ಎರಡೂ ತಯಾರಾಗುವುದು ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಸುಜುಕಿ ಮತ್ತು ಟೊಯೊಟಾ ಕೈಜೋಡಿಸಿದ ಮೇಲೆ ಮೊದಲು ಮಾರುತಿಯ ಬಲೆನೊ ಟೊಯೊಟಾದ ಗ್ಲಾಂಜಾ ಆಯಿತು, ಆಮೇಲೆ ಬ್ರೆಜಾ ಅರ್ಬನ್ ಕ್ರೂಸರ್ ಆಯಿತು. 2022ರಲ್ಲಿ ಬಂದ ಈ ಜೋಡಿಯಲ್ಲಿ ಲೆಕ್ಕ ತಿರುಗಿತು: ತಳಪಾಯ ಸುಜುಕಿಯದು, ಒಂದು ಎಂಜಿನ್ ಸುಜುಕಿಯದು, ಇನ್ನೊಂದು ಎಂಜಿನ್ ಮತ್ತು ಅದರ ಹೈಬ್ರಿಡ್ ವ್ಯವಸ್ಥೆ (ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟಾರ್) ಟೊಯೊಟಾದ್ದು, ಕಟ್ಟುವುದೂ ಟೊಯೊಟಾ. ವೀಲ್‌ಬೇಸ್ ಎರಡರದ್ದೂ 2600 ಮಿ.ಮೀ., ಅಗಲ 1795 ಮಿ.ಮೀ., ಪೆಟ್ರೋಲ್ ಟ್ಯಾಂಕ್ 45 ಲೀಟರ್. ಉದ್ದದಲ್ಲಿ ಹೈರೈಡರ್ 20 ಮಿ.ಮೀ. ಹೆಚ್ಚು, ಅದೂ ಬಂಪರಿನ ಆಕಾರದಿಂದ. ಮುಂದಿನ ಮುಖ, ದೀಪ, ಒಳಗಿನ ಬಣ್ಣ, ಅಲಾಯ್‌ನ ವಿನ್ಯಾಸ ಬೇರೆ. ಅದು ನಿಮ್ಮ ಮನೆಯವರ ಕಣ್ಣಿಗೆ ಬಿಟ್ಟದ್ದು, ಅದರಲ್ಲಿ ನಾನು ತಲೆ ಹಾಕುವುದಿಲ್ಲ.

ಹಾಗಾಗಿ ಈ ಪ್ರಶ್ನೆ ಬಂದಾಗಲೆಲ್ಲ ನಾನು ತಿರುಗಿ ಕೇಳುವುದು: ಮೈಲ್ಡ್ ಹೈಬ್ರಿಡ್ಡೋ, ಸ್ಟ್ರಾಂಗ್ ಹೈಬ್ರಿಡ್ಡೋ? ಶೋರೂಮಿನಲ್ಲಿ ಎರಡಕ್ಕೂ ಹೈಬ್ರಿಡ್ ಎಂದೇ ಹೇಳುವುದರಿಂದ ಬಹಳ ಜನ ಇಲ್ಲೇ ಎಡವುತ್ತಾರೆ.

ಮೈಲ್ಡ್ ಹೈಬ್ರಿಡ್ ಅಂದರೆ ಸುಜುಕಿಯ 1.5 ಲೀಟರ್ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಶಕ್ತಿ 103 ಪಿಎಸ್ (ಅಶ್ವಶಕ್ತಿಯ ಅಳತೆ). ಬೆಲ್ಟಿಗೆ ಜೋಡಿಸಿದ ಸ್ಟಾರ್ಟರ್-ಜನರೇಟರ್ ಒಂದಿಷ್ಟು ಕೈ ಹಾಕುತ್ತದೆ ಅಷ್ಟೇ, ಕಾರನ್ನು ಅದು ಒಂದು ಅಡಿಯೂ ತಾನಾಗಿ ಓಡಿಸಲಾರದು. ಇದರಲ್ಲಿ 5 ಗೇರಿನ ಮ್ಯಾನ್ಯುಯಲ್, 6 ಗೇರಿನ ಆಟೊಮ್ಯಾಟಿಕ್ ಎರಡೂ ಇವೆ. ಸ್ಟ್ರಾಂಗ್ ಹೈಬ್ರಿಡ್ ಬೇರೆಯದೇ ಯಂತ್ರ: ಟೊಯೊಟಾದ 1.5 ಲೀಟರ್ ಮೂರು ಸಿಲಿಂಡರ್ ಎಂಜಿನ್ 92 ಪಿಎಸ್, ಜೊತೆಗೆ 80 ಪಿಎಸ್‌ನ ಮೋಟಾರ್, ಎರಡೂ ಸೇರಿ 116 ಪಿಎಸ್. ಬ್ಯಾಟರಿ ಸಣ್ಣದು, ಮುಕ್ಕಾಲು ಯೂನಿಟ್ಟಿನಷ್ಟು ಕರೆಂಟ್ ಹಿಡಿಯುತ್ತದೆ. ಇದನ್ನು ಪ್ಲಗ್ ಹಾಕಿ ಚಾರ್ಜ್ ಮಾಡುವ ಹಾಗಿಲ್ಲ, ಬೇಕಾಗಿಯೂ ಇಲ್ಲ. ಇದರಲ್ಲಿ ಮ್ಯಾನ್ಯುಯಲ್ ಸಿಗುವುದಿಲ್ಲ, ಇ-ಸಿವಿಟಿ ಎಂಬ ಆಟೊಮ್ಯಾಟಿಕ್ ಮಾತ್ರ.

ಕಂಪನಿ ಹೇಳುವ ಮೈಲೇಜ್ ಲೀಟರಿಗೆ ಸ್ಟ್ರಾಂಗ್ ಹೈಬ್ರಿಡ್ಡಿಗೆ 27.97 ಕಿ.ಮೀ., ಮೈಲ್ಡ್ ಮ್ಯಾನ್ಯುಯಲ್ಲಿಗೆ 21.11 ಕಿ.ಮೀ. ಈ ಎರಡು ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ತಪ್ಪು ಉತ್ತರ ಬರುತ್ತದೆ. ಸ್ಟ್ರಾಂಗ್ ಹೈಬ್ರಿಡ್ ಉಳಿಸುವುದು ನಿಂತು ನಿಂತು ಹೋಗುವ ರಸ್ತೆಯಲ್ಲಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹತ್ತು ನಿಮಿಷ ತೆವಳುವಾಗ ಎಂಜಿನ್ ಬಹುಪಾಲು ಆಫ್, ಎಸಿ ಕಂಪ್ರೆಸರ್ ಬ್ಯಾಟರಿಯಿಂದಲೇ ಓಡುತ್ತಿರುತ್ತದೆ, ಬ್ರೇಕ್ ಒತ್ತಿದಾಗಲೆಲ್ಲ ಒಂದಿಷ್ಟು ಕರೆಂಟ್ ವಾಪಸ್ ಬರುತ್ತದೆ. ಮೈಲ್ಡ್ ಹೈಬ್ರಿಡ್ ಕೂಡ ಸಿಗ್ನಲ್ಲಿನಲ್ಲಿ ಎಂಜಿನ್ ನಿಲ್ಲಿಸುತ್ತದೆ, ಆದರೆ ಆಗ ಎಸಿಯ ಕಂಪ್ರೆಸರ್ ಕೂಡ ನಿಲ್ಲುತ್ತದೆ. ಬ್ಲೋವರ್ ಗಾಳಿ ಬೆಚ್ಚಗಾಗುತ್ತಾ ಬಂದು ಎಂಜಿನ್ ಮತ್ತೆ ಸ್ಟಾರ್ಟ್ ಆಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬಹಳ ಜನ ಎಂಜಿನ್ ತಾನಾಗಿ ನಿಲ್ಲುವ ಈ ಸೌಲಭ್ಯವನ್ನೇ ಬಟನ್ ಒತ್ತಿ ಆಫ್ ಮಾಡಿಬಿಡುತ್ತಾರೆ, ಉಳಿತಾಯವೂ ಅಲ್ಲಿಗೆ ಮುಗಿಯಿತು. ಹೆದ್ದಾರಿಯಲ್ಲಿ ಒಂದೇ ಸಮ ನೂರರಲ್ಲಿ ಹೋಗುವಾಗ ಕಥೆ ಬೇರೆ. ಬ್ರೇಕಿಲ್ಲ, ಹಾಗಾಗಿ ಬ್ಯಾಟರಿಗೆ ಸಿಗುವುದು ಕಡಿಮೆ, ಎಂಜಿನ್ ಓಡುತ್ತಲೇ ಇರುತ್ತದೆ.

ಈಗ ದುಡ್ಡಿನ ಲೆಕ್ಕ. ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಳ್ಳಿ. ಊರೊಳಗೆ ಮೈಲ್ಡ್ ಮ್ಯಾನ್ಯುಯಲ್ 13, ಮೈಲ್ಡ್ ಆಟೊಮ್ಯಾಟಿಕ್ 11, ಸ್ಟ್ರಾಂಗ್ 22 ಕೊಡುತ್ತದೆ ಎಂದು ಹಿಡಿಯೋಣ. ಕಿಲೋಮೀಟರಿಗೆ ಖರ್ಚು ಕ್ರಮವಾಗಿ 7.92, 9.36 ಮತ್ತು 4.68 ರೂಪಾಯಿ. ಹೆಚ್ಚುಕಡಿಮೆ ಒಂದೇ ಸೌಲಭ್ಯಗಳಿರುವ ಮಾದರಿಗಳಲ್ಲಿ ಮ್ಯಾನ್ಯುಯಲ್ಲಿಗಿಂತ ಸ್ಟ್ರಾಂಗ್ ಹೈಬ್ರಿಡ್ ಎಕ್ಸ್-ಶೋರೂಂ ಮೂರು ಲಕ್ಷ ಹೆಚ್ಚು ಎಂದುಕೊಂಡರೆ, ಅದಕ್ಕೆ ಕರ್ನಾಟಕದ ರಸ್ತೆ ತೆರಿಗೆಯೂ ಸೇರುತ್ತದೆ. 10ರಿಂದ 20 ಲಕ್ಷದ ಕಾರಿಗೆ ಶೇ 17, ಅದರ ಮೇಲೆ ಸೆಸ್. ಹಾಗಾಗಿ ಆನ್-ರೋಡ್ ವ್ಯತ್ಯಾಸ ಮೂರೂವರೆ ಲಕ್ಷ ಮುಟ್ಟುತ್ತದೆ. ಊರೊಳಗೇ ಓಡಿಸಿದರೆ ಅದು ವಾಪಸ್ ಬರಲು 1 ಲಕ್ಷದ 8 ಸಾವಿರ ಕಿ.ಮೀ. ಬೇಕು.

ಆದರೆ ಈ ಹೋಲಿಕೆಯೇ ಸರಿಯಲ್ಲ. ಸ್ಟ್ರಾಂಗ್ ಹೈಬ್ರಿಡ್ ಕ್ಲಚ್ ಇಲ್ಲದ ಕಾರು, ಅದನ್ನು ತೂಗಬೇಕಾದ್ದು ಆಟೊಮ್ಯಾಟಿಕ್ ಜೊತೆ. ಅಲ್ಲಿ ಎಕ್ಸ್-ಶೋರೂಂ ಅಂತರ ಒಂದೂವರೆ ಲಕ್ಷವಾದರೆ ಆನ್-ರೋಡ್ 1.8 ಲಕ್ಷ. ಕಿಲೋಮೀಟರಿಗೆ 4.68 ರೂಪಾಯಿ ಉಳಿತಾಯದಲ್ಲಿ 38-39 ಸಾವಿರ ಕಿ.ಮೀ.ಗೆ ಗಿಟ್ಟಿತು. ಅದೇ ಕಾರನ್ನು ಬರೀ ಹೆದ್ದಾರಿಯಲ್ಲಿ ಓಡಿಸುವವರಾದರೆ, ಆಟೊಮ್ಯಾಟಿಕ್ 17, ಹೈಬ್ರಿಡ್ 21 ಎಂದು ಹಿಡಿದರೂ, ಒಂದೂವರೆ ಲಕ್ಷ ಕಿ.ಮೀ. ದಾಟಬೇಕು. ಮ್ಯಾನ್ಯುಯಲ್ ಎದುರು ನೋಡಿದರೆ ಆ ಹಣ ಕಾರಿನ ಆಯುಷ್ಯದಲ್ಲಿ ವಾಪಸ್ ಬರುವುದೇ ಇಲ್ಲ. ನಿಮ್ಮ ಊರಿನ ಬೆಲೆಗಳನ್ನು ಹಾಕಿ ಇದೇ ಲೆಕ್ಕ ಮಾಡಿ, ಅಂಕಿ ಬದಲಾದರೂ ದಿಕ್ಕು ಬದಲಾಗುವುದಿಲ್ಲ. ದಿನಾ ಮೂವತ್ತು-ನಲವತ್ತು ಕಿ.ಮೀ. ಟ್ರಾಫಿಕ್ಕಿನಲ್ಲಿ ಓಡಾಡುವವರಿಗೆ ಸ್ಟ್ರಾಂಗ್. ವಾರಕ್ಕೊಮ್ಮೆ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿಬರುವ, ಉಳಿದ ದಿನ ಕಾರು ತೆಗೆಯದ ಮನೆಗೆ ಮೈಲ್ಡ್ ಮ್ಯಾನ್ಯುಯಲ್.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮಗುವನ್ನು ಎರಡು ಕಿ.ಮೀ. ದೂರದ ಶಾಲೆಗೆ ಬಿಟ್ಟು ಬರುವುದಷ್ಟೇ ಕೆಲಸವಾದರೆ ಸ್ಟ್ರಾಂಗ್ ಹೈಬ್ರಿಡ್ ಕೂಡ 22 ಕೊಡುವುದಿಲ್ಲ. ತಣ್ಣಗಿರುವ ಎಂಜಿನ್ ಬಿಸಿಯಾಗುವವರೆಗೆ ಓಡಲೇಬೇಕು, ಅಷ್ಟರಲ್ಲಿ ಶಾಲೆ ಬಂದಿರುತ್ತದೆ.

ಘಾಟಿ ಮತ್ತು ಡಿಕ್ಕಿ

ಮೈಲ್ಡ್ ಹೈಬ್ರಿಡ್ ಎಂಜಿನ್ ನಯವಾಗಿದೆ, ಆದರೆ ಎಳೆತ 136.8 ಎನ್‌ಎಂ ಮಾತ್ರ, ಅದೂ 4400 ಆರ್‌ಪಿಎಂನಲ್ಲಿ. ಐದು ಜನ, ಲಗೇಜು, ಎಸಿ ಹಾಕಿಕೊಂಡು ಚಾರ್ಮಾಡಿಯ ಹೇರ್‌ಪಿನ್ ತಿರುವುಗಳಲ್ಲಿ ಮೂರನೇ ಗೇರಿನಲ್ಲಿ ಏರುತ್ತೇನೆಂದರೆ ಅದು ಬಾಯಿ ಬಿಡುತ್ತದೆ. ತಿರುವಿಗೆ ಮೊದಲೇ ಎರಡಕ್ಕೆ ಇಳಿಸಬೇಕು. ಡೀಸೆಲ್ ಓಡಿಸಿ ರೂಢಿಯಿದ್ದವರಿಗೆ ಇದು ನಿರಾಸೆ ಮಾಡುತ್ತದೆ, ಎರಡೂ ಕಾರಿನಲ್ಲಿ ಡೀಸೆಲ್ ಇಲ್ಲ.

ಸ್ಟ್ರಾಂಗ್ ಹೈಬ್ರಿಡ್ಡಿನಲ್ಲಿ ಏರು ಶುರುವಾದಾಗ ಮೋಟಾರಿನ ತಳ್ಳು ಸಿಗುತ್ತದೆ, ಹಿತವಾಗಿರುತ್ತದೆ. ಏರು ಉದ್ದವಾದರೆ ಸಣ್ಣ ಬ್ಯಾಟರಿ ಬೇಗ ಕೆಳಗೆ ಬರುತ್ತದೆ, ಆಮೇಲೆ ಮೂರು ಸಿಲಿಂಡರ್ ಎಂಜಿನ್ ಒಂದೇ ಸಮ ಕೂಗುತ್ತಾ ಎಳೆಯುತ್ತದೆ. ಕಾರು ನಿಲ್ಲುವುದಿಲ್ಲ, ಸದ್ದು ಮಾತ್ರ ಜೋರು. ಇಳಿಯುವಾಗ ಗೇರ್ ಲಿವರಿನ ಬಿ ಗುರುತಿಗೆ ಹಾಕಿ. ಮೊದಲಿಗೆ ಬ್ಯಾಟರಿ ತುಂಬುತ್ತದೆ, ತುಂಬಿದ ಮೇಲೆ ಕರೆಂಟ್ ಹೋಗಲು ಜಾಗ ಇಲ್ಲದ್ದರಿಂದ ಮೋಟಾರಿನ ಹಿಡಿತ ಕಡಿಮೆಯಾಗುತ್ತದೆ. ಆಗ ವೇಗ ತಡೆಯಲು ಎಂಜಿನ್ ಬ್ರೇಕಿಂಗ್ ಬೇಕು, ಬಿ ಕೊಡುವುದು ಅದನ್ನೇ. ಮಾಮೂಲಿ ಡಿ ಗುರುತಿನಲ್ಲೇ ಬಿಟ್ಟು ಬ್ರೇಕ್ ಪೆಡಲ್ ಒತ್ತುತ್ತಲೇ ಇಳಿದರೆ ಕೊನೆಯ ತಿರುವುಗಳಲ್ಲಿ ಸುಟ್ಟ ವಾಸನೆ ಬರುವುದು ಇದಕ್ಕೇ.

ಡಿಕ್ಕಿ ನೋಡದೆ ಸ್ಟ್ರಾಂಗ್ ಹೈಬ್ರಿಡ್ ಬುಕ್ ಮಾಡಬೇಡಿ. ಬ್ಯಾಟರಿ ಹಿಂದೆ ಕೂತಿರುವುದರಿಂದ ಡಿಕ್ಕಿಯ ನೆಲ ಎತ್ತರಕ್ಕೆ ಬಂದಿದೆ. ಮೈಲ್ಡ್‌ನಲ್ಲಿ 373 ಲೀಟರ್ ಇದ್ದದ್ದು ಇದರಲ್ಲಿ ಸುಮಾರು 265ಕ್ಕೆ ಇಳಿಯುತ್ತದೆ. ದೊಡ್ಡ ಸೂಟ್‌ಕೇಸ್ ನೆಟ್ಟಗೆ ನಿಲ್ಲುವುದಿಲ್ಲ, ಮಲಗಿಸಬೇಕು, ಅದರ ಮೇಲೆ ಬ್ಯಾಗುಗಳನ್ನು ಒಟ್ಟಬೇಕು. ನಿಮ್ಮ ಮನೆಯ ದೊಡ್ಡ ಸೂಟ್‌ಕೇಸನ್ನೇ ಶೋರೂಮಿಗೆ ಒಯ್ದು ಇಟ್ಟು ನೋಡಿ. ಹಾಗೆಯೇ ನೆಲದ ಹೊದಿಕೆ ಎತ್ತಿಸಿ ಸ್ಟೆಪ್ನಿ, ಜ್ಯಾಕ್ ಎಲ್ಲಿವೆ ನೋಡಿಕೊಳ್ಳಿ. ಸಿಎನ್‌ಜಿ ಮಾದರಿಯಲ್ಲಂತೂ ಸಿಲಿಂಡರೇ ಡಿಕ್ಕಿಯನ್ನು ನುಂಗಿರುತ್ತದೆ, ಶಕ್ತಿಯೂ 87.8 ಪಿಎಸ್‌ಗೆ ಇಳಿದಿರುತ್ತದೆ. ಲಗೇಜಿರುವ ಸಂಸಾರಕ್ಕೆ ಅದು ಹೇಳಿ ಮಾಡಿಸಿದ್ದಲ್ಲ.

ಹಿಂದಿನ ಸೀಟಿನಲ್ಲಿ ಇಬ್ಬರು ದೊಡ್ಡವರು ಮತ್ತು ಒಂದು ಮಗು ಆರಾಮ, ಮೂವರು ದೊಡ್ಡವರಾದರೆ ಭುಜಕ್ಕೆ ಭುಜ ತಾಗುತ್ತದೆ. ಪನೋರಮಿಕ್ ಸನ್‌ರೂಫ್ ಇರುವ ಮಾದರಿಯಲ್ಲಿ ತಲೆಯ ಮೇಲಿನ ಜಾಗ ಇನ್ನಷ್ಟು ಕಡಿಮೆ. ಮನೆಯಲ್ಲಿ ಆರಡಿಯವರಿದ್ದರೆ ಅವರನ್ನು ಕೂರಿಸಿಯೇ ತೀರ್ಮಾನಿಸಿ.

ಆಲ್-ವೀಲ್ ಡ್ರೈವ್ ಬೇಕಾದವರು ಕೈಬೆರಳೆಣಿಕೆ. ಕೊಡಗು, ಚಿಕ್ಕಮಗಳೂರಿನ ತೋಟದೊಳಗೆ ಮಳೆಗಾಲದಲ್ಲೂ ಹೋಗಿ ಬರಬೇಕಾದವರಿಗೆ ಅದು ನಿಜಕ್ಕೂ ಉಪಯೋಗ. ಅದು ಮೈಲ್ಡ್ ಎಂಜಿನ್ ಜೊತೆ ಮಾತ್ರ ಬರುತ್ತದೆ, ಮೊದಲು ಮ್ಯಾನ್ಯುಯಲ್ಲಿನಲ್ಲಿತ್ತು, 2025ರಿಂದ ಆಟೊಮ್ಯಾಟಿಕ್‌ನಲ್ಲಿದೆ. ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ. ಇರುವುದರಿಂದ ಸಾಮಾನ್ಯ ಹಳ್ಳಿ ರಸ್ತೆಗೆ ಎರಡು ಚಕ್ರದ ಡ್ರೈವೇ ಧಾರಾಳ.

ಎಂಜಿನ್ ಆಯಿತು, ಈಗ ಹೆಸರು

ವಾರಂಟಿಯಲ್ಲಿ ಮೊದಲು ಟೊಯೊಟಾ ಮುಂದಿತ್ತು. 2024ರ ಜುಲೈಯಲ್ಲಿ ಮಾರುತಿಯೂ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಮಾಡಿತು, ಈಗ ಸಮ. ಹೈಬ್ರಿಡ್ ಬ್ಯಾಟರಿಗೆ ಎರಡೂ ಕಡೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ದುಡ್ಡು ಕೊಟ್ಟು ವಿಸ್ತರಿಸುವುದಾದರೆ ಮಾತ್ರ ವ್ಯತ್ಯಾಸ: ಮಾರುತಿ 6 ವರ್ಷ, 1.6 ಲಕ್ಷ ಕಿ.ಮೀ.ವರೆಗೆ, ಟೊಯೊಟಾ 5 ವರ್ಷ, 2.2 ಲಕ್ಷ ಕಿ.ಮೀ.ವರೆಗೆ. ಹೆಚ್ಚು ಓಡಿಸುವವರಿಗೆ ಟೊಯೊಟಾದ್ದು, ಹೆಚ್ಚು ಕಾಲ ಇಟ್ಟುಕೊಳ್ಳುವವರಿಗೆ ಮಾರುತಿಯದು.

ಸರ್ವಿಸ್ ಸೆಂಟರ್ ಮಾರುತಿಗೆ ತಾಲ್ಲೂಕು ಮಟ್ಟದಲ್ಲೂ ಇದೆ, ಟೊಯೊಟಾಗೆ ಹೆಚ್ಚಾಗಿ ಜಿಲ್ಲಾ ಕೇಂದ್ರಗಳಲ್ಲಿ. ಆದರೆ ಸ್ಟ್ರಾಂಗ್ ಹೈಬ್ರಿಡ್ ಕೊಳ್ಳುವವರು ಒಂದು ಪ್ರಶ್ನೆ ಹೆಚ್ಚು ಕೇಳಬೇಕು: ಹೈ-ವೋಲ್ಟೇಜ್ ಕೆಲಸಕ್ಕೆ ತರಬೇತಾದ ಮೆಕ್ಯಾನಿಕ್ ನಿಮ್ಮ ಊರಿನ ಆ ವರ್ಕ್‌ಶಾಪಿನಲ್ಲೇ ಇದ್ದಾರೋ, ಅಥವಾ ಕಾರನ್ನು ಬೇರೆ ಊರಿಗೆ ಕಳಿಸುತ್ತಾರೋ? ಆಯಿಲ್ ಬದಲಿಸಲು ಹತ್ತಿರದ ಅಂಗಡಿ ಸಾಕು, ಇನ್ವರ್ಟರಿನ ದೋಷಕ್ಕೆ ಸಾಲದು.

ಇನ್ನು ಉಳಿದದ್ದು ಎರಡು: ಕಾರು ಕೈಗೆ ಬರುವ ದಿನ ಮತ್ತು ಬೆಲೆಯ ಕಡಿತ. ಎರಡೂ ಕಡೆ ಒಂದೇ ದಿನ ಕೊಟೇಶನ್ ತೆಗೆದುಕೊಳ್ಳಿ, ಎಕ್ಸ್-ಶೋರೂಂ, ತೆರಿಗೆ, ವಿಮೆ, ಆಕ್ಸೆಸರಿ ಬೇರೆ ಬೇರೆ ಬರೆಸಿಕೊಳ್ಳಿ. ವಿಮೆಯನ್ನು ಡೀಲರ್ ಬಳಿಯೇ ಮಾಡಿಸಬೇಕೆಂಬ ಕಾನೂನಿಲ್ಲ. ಹೊರಗೆ ವಿಚಾರಿಸಿದ ದರ ತೋರಿಸಿದರೆ ಅವರ ದರವೂ ಇಳಿಯುವುದುಂಟು. ಬೆಂಗಳೂರಿನ ಅಂಡರ್‌ಪಾಸುಗಳನ್ನು ನೆನೆದು ಎಂಜಿನ್ ಪ್ರೊಟೆಕ್ಟ್ (ನೀರು ನುಗ್ಗಿ ಎಂಜಿನ್ ಕೆಟ್ಟರೆ ಖರ್ಚು ಭರಿಸುವ ಹೆಚ್ಚುವರಿ ವಿಮೆ) ಸೇರಿಸಿ, ಅದರಲ್ಲಿ ಹೈಬ್ರಿಡ್ ಬ್ಯಾಟರಿಯೂ ಸೇರಿದೆಯೋ ಎಂದು ಪಾಲಿಸಿ ಓದಿ. ವರ್ಷದ ಕೊನೆಯಲ್ಲಿ ದೊಡ್ಡ ಕಡಿತ ಸಿಕ್ಕರೆ ಚಾಸಿ ನಂಬರಿನಿಂದ ತಯಾರಾದ ತಿಂಗಳನ್ನು ಕೇಳಿ ತಿಳಿದುಕೊಳ್ಳಿ. ಆರ್‌ಸಿಯಲ್ಲಿ ಆ ತಿಂಗಳು-ವರ್ಷ ಅಚ್ಚಾಗುತ್ತದೆ, ಮುಂದೆ ಮಾರುವಾಗ ಬೆಲೆ ಕಟ್ಟುವುದು ಅದರ ಮೇಲೆಯೇ.

ಕೊಂಡ ಮೇಲೆ ಎರಡು ಎಚ್ಚರ. ಸ್ಟ್ರಾಂಗ್ ಹೈಬ್ರಿಡ್ಡಿನಲ್ಲಿ ಕಿತ್ತಳೆ ಬಣ್ಣದ ಕೇಬಲ್‌ಗಳಿರುವ ಕಡೆ ಹೊರಗಿನ ಎಲೆಕ್ಟ್ರಿಷಿಯನ್ ಕೈ ಹಾಕಬಾರದು, ಲೈಟಿಗೋ ಹಾರ್ನಿಗೋ ವೈರ್ ಕತ್ತರಿಸಿ ಜೋಡಿಸಿದರೆ ವಾರಂಟಿಗೆ ತಕರಾರು ಬರುತ್ತದೆ. ಎರಡನೆಯದು, ಈ ಕಾರಿನಲ್ಲೂ ಮಾಮೂಲಿ 12 ವೋಲ್ಟ್ ಬ್ಯಾಟರಿ ಒಂದಿದೆ. ವಿದೇಶದಲ್ಲಿರುವ ಮಕ್ಕಳು ಅಪ್ಪ-ಅಮ್ಮನಿಗೆ ಕೊಡಿಸಿದ ಕಾರು ವಾರಗಟ್ಟಲೆ ನಿಂತರೆ ಇಳಿದುಹೋಗುವುದು ಅದೇ. ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ವಾರಕ್ಕೊಮ್ಮೆ ರೆಡಿ ದೀಪ ಬರುವಂತೆ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಬಿಟ್ಟರೆ ಸಾಕು.

ಬುಕ್ ಮಾಡುವ ಮುಂಚೆ ಮಾರುತಿಯ ಅರೀನಾ ಶೋರೂಮಿಗೂ ಒಮ್ಮೆ ಹೋಗಿ ಬನ್ನಿ. 2025ರ ಸೆಪ್ಟೆಂಬರಿನಲ್ಲಿ ಬಂದ ವಿಕ್ಟೋರಿಸ್‌ನಲ್ಲಿ ಇವೇ ಎಂಜಿನ್‌ಗಳಿವೆ, ಮೇಲಿನ ಮಾದರಿಗಳಲ್ಲಿ ಅಡಾಸ್ (ಚಾಲಕನಿಗೆ ನೆರವಾಗುವ ಸುರಕ್ಷತಾ ವ್ಯವಸ್ಥೆ) ಇದೆ, ಸಿಎನ್‌ಜಿ ಸಿಲಿಂಡರ್ ಕಾರಿನ ಅಡಿಗೆ ಹೋಗಿ ಡಿಕ್ಕಿ ಉಳಿದಿದೆ. ಸಿಎನ್‌ಜಿಯೇ ಬೇಕು ಅನ್ನುವವರಿಗೆ ನನ್ನ ಉತ್ತರ ಗ್ರ್ಯಾಂಡ್ ವಿಟಾರಾನೂ ಅಲ್ಲ, ಹೈರೈಡರೂ ಅಲ್ಲ, ಅದು.

ಸೆಕೆಂಡ್ ಹ್ಯಾಂಡ್ ನೋಡುತ್ತಿರುವವರು ಚಾಸಿ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ರೀಕಾಲ್ ಇದೆಯೇ ನೋಡಿ. 2025ರ ನವೆಂಬರಿನಲ್ಲಿ ಮಾರುತಿ 39,506 ಗ್ರ್ಯಾಂಡ್ ವಿಟಾರಾಗಳನ್ನೂ ಟೊಯೊಟಾ 11,529 ಹೈರೈಡರ್‌ಗಳನ್ನೂ ವಾಪಸ್ ಕರೆದವು. ಎರಡರಲ್ಲೂ ಒಂದೇ ದೋಷ: ಪೆಟ್ರೋಲ್ ಎಷ್ಟಿದೆ ಎಂದು ಮೀಟರ್ ಸರಿಯಾಗಿ ತೋರಿಸದಿರುವುದು. 2024ರ ಡಿಸೆಂಬರಿನಿಂದ 2025ರ ಏಪ್ರಿಲ್ ಒಳಗೆ ತಯಾರಾದ ಕಾರಾದರೆ ಆ ಕೆಲಸ ಮಾಡಿಸಿದ ಜಾಬ್ ಕಾರ್ಡ್ ಕೇಳಿ. ಇಲ್ಲದಿದ್ದರೆ ಡೀಲರ್ ಬಳಿ ಉಚಿತವಾಗಿ ಮಾಡಿಸಿದ ಮೇಲೆಯೇ ಹಣ ಕೊಡಿ.