ಜಿರಾಫೆ ಮುಂದೆ ಮುಕ್ಕಾಲು ಗಂಟೆ: ಮಕ್ಕಳ ಜೊತೆ ಮೈಸೂರು ಝೂ

ಮೊದಲ ಸಲ ಹೋದಾಗ ನಾವು ಗೇಟಿನ ತನಕ ಹೋಗಿ ವಾಪಸ್ ಬಂದೆವು. ಅವತ್ತು ಮಂಗಳವಾರ. ಮೈಸೂರು ಝೂಗೆ ಮಂಗಳವಾರ ವಾರದ ರಜೆ. ಹಾಸನದಿಂದ ಬೆಳಗಿನ ರೈಲು ಹಿಡಿದು, ಇಬ್ಬರು ಮಕ್ಕಳು, ಎರಡು ಬ್ಯಾಗು, ಅಜ್ಜನ ಹಳೇ ಬೈನಾಕ್ಯುಲರ್ ಹೊತ್ತು ಹೋದವರಿಗೆ ಸಿಕ್ಕಿದ್ದು ಮುಚ್ಚಿದ ಗೇಟು ಮತ್ತು ಚುರುಮುರಿ ಮಾರುವವನ ಕನಿಕರ. "ವಾರವಾರ ಯಾರಾದ್ರೂ ಹಿಂಗೆ ಬರ್ತಾರೆ ಮೇಡಂ" ಅಂದ. ಪಕ್ಕದ ಕಾರಂಜಿ ಕೆರೆಗಾದರೂ ಹೋಗೋಣ ಎಂದರೆ ಅದಕ್ಕೂ ಮಂಗಳವಾರವೇ ರಜೆ. ಅರಮನೆ ನೋಡಿಕೊಂಡು ಬಂದೆವು. ತಪ್ಪು ನನ್ನದೇ, ಕ್ಯಾಲೆಂಡರ್ ನೋಡಿದ್ದೆ, ವಾರ ನೋಡಿರಲಿಲ್ಲ.

ನಾವು ಮಕ್ಕಳಿಗೆ ಮನೆಯಲ್ಲೇ ಕಲಿಸುವವರು. ಮಗಳಿಗೆ ಹತ್ತು, ಮಗನಿಗೆ ಏಳು. ಹೋಮ್‌ಸ್ಕೂಲಿಂಗ್ ಎಂದರೆ ನಮ್ಮ ಬೀದಿಯವರು ಟ್ಯೂಷನ್ ಅಂದುಕೊಳ್ಳುತ್ತಾರೆ. "ಮತ್ತೆ ಸ್ಕೂಲು ಯಾವುದು?" ಎಂಬ ಪ್ರಶ್ನೆಗೆ ಮೂರು ವರ್ಷದಿಂದ ಉತ್ತರ ಹೇಳಿ ಹೇಳಿ ಸಾಕಾಗಿದೆ. ಮಗಳಿಗೆ 14 ತುಂಬಿದ ಮೇಲೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಸೆಕೆಂಡರಿಗೆ, ಅಂದರೆ ಹತ್ತನೇ ತರಗತಿಗೆ, ಸೇರಿಸುವ ಯೋಚನೆ ಇದೆ. ಅಲ್ಲಿಯ ತನಕ ನಮ್ಮ ಪಾಠ ಹೀಗೆ, ಅಡುಗೆಮನೆ, ತೋಟ, ಲೈಬ್ರರಿ, ಆಗಾಗ ಒಂದು ಪ್ರವಾಸ.

ಎರಡನೇ ಸಲ ಡಿಸೆಂಬರಿನಲ್ಲಿ ಹೋದೆವು. ಅದು ಇನ್ನೊಂದು ತಪ್ಪು. ಡಿಸೆಂಬರ್ ಎಂದರೆ ಶಾಲಾ ಪ್ರವಾಸದ ಕಾಲ. ಸಾಲು ಸಾಲು ಬಸ್ಸು, ಬಣ್ಣಬಣ್ಣದ ಟೋಪಿ ಹಾಕಿದ ಮಕ್ಕಳು, ಸೀಟಿ ಊದುವ ಮೇಷ್ಟ್ರುಗಳು. ನಾವೂ ಆ ಹೊಳೆಯಲ್ಲಿ ತೇಲಿದೆವು. ಎಲ್ಲವನ್ನೂ ನೋಡಲೇಬೇಕೆಂಬ ಹಟ ಬೇರೆ. ಮೂರು ಗಂಟೆಯಲ್ಲಿ ಇಡೀ ಝೂ ಮುಗಿಸಿದೆವು. ರಾತ್ರಿ ಮನೆಗೆ ಬಂದು "ಏನೇನು ನೋಡಿದ್ರಿ?" ಎಂದು ಕೇಳಿದರೆ ಮಗ ಹೇಳಿದ್ದು ಎರಡೇ: ಐಸ್‌ಕ್ರೀಮ್, ಮತ್ತು ಹೊರಗಡೆ ಒಬ್ಬರ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು ಓಡಿದ ಕೋತಿ. ಆ ಕೋತಿ ಝೂದೇ ಅಲ್ಲ, ಬೀದಿಯದು!

ಈ ಬರಹ ಮೂರನೇ ಸಲದ್ದು. ಜುಲೈ ತಿಂಗಳ ಬುಧವಾರ. ಶಾಲೆಗೆ ಹೋಗದ ಮಕ್ಕಳಿರುವ ಮನೆಗೆ ಇರುವ ದೊಡ್ಡ ಅನುಕೂಲ ಇದೇ ಅಲ್ವಾ, ಎಲ್ಲರೂ ಶಾಲೆಯಲ್ಲಿರುವಾಗ ಹೋಗಬಹುದು. ದಸರಾ, ಕ್ರಿಸ್‌ಮಸ್ ರಜೆ, ಭಾನುವಾರ, ಈ ಮೂರನ್ನು ಬಿಟ್ಟುಬಿಡಿ. ಜುಲೈನಲ್ಲಿ ಮೈಸೂರಿನ ಮಳೆ ನಮ್ಮ ಸಕಲೇಶಪುರದ ಕಡೆಯ ಮಳೆಯಂತಲ್ಲ, ಸುಮ್ನೆ ತುಂತುರು. ತಂಪಿದ್ದರೆ ಪ್ರಾಣಿಗಳೂ ಚುರುಕಾಗಿರುತ್ತವೆ. ಏಪ್ರಿಲ್ ಮಧ್ಯಾಹ್ನ ಹೋದರೆ ನಿಮಗೆ ಸಿಗುವುದು ನೆರಳಲ್ಲಿ ಬಿದ್ದುಕೊಂಡ ಬೆನ್ನುಗಳು.

ಗೇಟು ತೆಗೆಯುವುದು ಬೆಳಿಗ್ಗೆ ಎಂಟೂವರೆಗೆ. ಆ ಹೊತ್ತಿಗೇ ಅಲ್ಲಿರಬೇಕು. ಹೊರಗಿನಿಂದ ಬರುವವರು ಹಿಂದಿನ ರಾತ್ರಿಯೇ ಮೈಸೂರಿನಲ್ಲಿ ಉಳಿಯುವುದು ವಾಸಿ. ನಾವು ಕುವೆಂಪುನಗರದ ನೆಂಟರ ಮನೆಯಲ್ಲಿದ್ದೆವು. ಬೆಳಿಗ್ಗೆ ನಜರ್‌ಬಾದ್‌ನಲ್ಲಿ ಮೈಲಾರಿ ದೋಸೆ ತಿಂದು ಆಟೋ ಹತ್ತಿದೆವು. ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗಿ. ಕ್ಯಾಂಟೀನ್ ಒಳಗೂ ಇದೆ, ಆದರೆ ಹಸಿದ ಮಗು ಹುಲಿಯನ್ನೂ ನೋಡುವುದಿಲ್ಲ, ಯಾರ ಮಾತನ್ನೂ ಕೇಳುವುದಿಲ್ಲ. ಟಿಕೆಟ್ ಆನ್‌ಲೈನ್‌ನಲ್ಲೂ ಸಿಗುತ್ತದೆ. ಪ್ಲಾಸ್ಟಿಕ್ ಕವರು, ಚಿಪ್ಸ್ ಪ್ಯಾಕೆಟ್ಟು ಮನೆಯಲ್ಲೇ ಬಿಡಿ, ಗೇಟಿನಲ್ಲಿ ಚೀಲ ನೋಡುತ್ತಾರೆ. ಸ್ಟೀಲ್ ಬಾಟಲಿ ಇದ್ದರೆ ತಲೆನೋವಿಲ್ಲ. ಶಾಲಾ ಗುಂಪಿನ ರಿಯಾಯಿತಿ ನಮ್ಮಂಥವರಿಗೆ ಎಲ್ಲಿಂದ ಬರಬೇಕು? ನಾವು ಕೇಳಲೂ ಹೋಗಲಿಲ್ಲ.

ಒಳಗಿನ ದಾರಿ ಒಂದೇ ದಿಕ್ಕಿನದು. ಬಾಣದ ಗುರುತು ಹಿಡಿದು ನಡೆಯಬೇಕು, ಒಟ್ಟು ಮೂರು ಕಿಲೋಮೀಟರಿಗೂ ಜಾಸ್ತಿ. ಹಿಂದೆ ಬಿಟ್ಟುಬಂದ ಪ್ರಾಣಿಯನ್ನು ಮತ್ತೆ ನೋಡಬೇಕೆಂದರೆ ಜನರ ಎದುರು ನಡೆಯಬೇಕಾಗುತ್ತದೆ. ಹಾಗಾಗಿ ಎಲ್ಲಿ ನಿಲ್ಲಬೇಕು, ಎಲ್ಲಿ ಸುಮ್ನೆ ದಾಟಬೇಕು ಎಂಬುದು ಮನೆಯಲ್ಲೇ ತೀರ್ಮಾನ ಆಗಿರಬೇಕು. ಬ್ಯಾಟರಿ ಗಾಡಿ ಇದೆ, ಅದಕ್ಕೆ ಬೇರೆ ಟಿಕೆಟ್. ಅಜ್ಜ ಅಜ್ಜಿ ಜೊತೆಯಲ್ಲಿದ್ದರೆ ಒಳ್ಳೆಯದು. ಕಲಿಯಲು ಹೋದವರಿಗೆ ಅದು ಬೇಡ, ನಿಮಗೆ ಬೇಕಾದ ಕಡೆ ಬೇಕಾದಷ್ಟು ಹೊತ್ತು ಅದು ಕಾಯುವುದಿಲ್ಲ.

ಈ ಸಲ ನಾವು ಮಾಡಿದ ನಿಯಮ ಒಂದೇ. ಐದು ಪ್ರಾಣಿ, ಅಷ್ಟೇ. ಇಬ್ಬರೂ ಎರಡೆರಡು ಆರಿಸಬೇಕು, ಒಂದು ನನ್ನದು. ಆರಿಸಿದ ಪ್ರಾಣಿಯ ಮುಂದೆ ಕನಿಷ್ಠ ಇಪ್ಪತ್ತು ನಿಮಿಷ. ಉಳಿದವಕ್ಕೆ ನಡೆಯುತ್ತಲೇ ನಮಸ್ಕಾರ. ಮಗ ಜಿರಾಫೆ ಮತ್ತು ಹುಲಿ ಎಂದ. ಮಗಳು ಆನೆ ಮತ್ತು ಗೊರಿಲ್ಲಾ ಎಂದಳು. ನನ್ನದು ಸಿಂಗಳೀಕ, ಸಿಂಹದಂಥ ಬಾಲದ ಕಪ್ಪು ಕೋತಿ.

ಪುಸ್ತಕದಲ್ಲಿ ಒಂದು ಪುಟಕ್ಕೆ ಗೆರೆ ಹಾಕಿ ಇಪ್ಪತ್ತು ಮನೆ ಮಾಡಿಕೊಂಡಿದ್ದೆವು. ಪ್ರತಿ ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, ಪ್ರಾಣಿ ಆ ಕ್ಷಣ ಏನು ಮಾಡುತ್ತಿದೆ ಎಂದು ಒಂದು ಅಕ್ಷರ ಬರೆಯಬೇಕು. ತಿಂದರೆ ತಿ, ನಡೆದರೆ ನ, ಮಲಗಿದರೆ ಮ, ಸುಮ್ಮನೆ ನಿಂತರೆ ಸು. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುವವರೂ ಹೆಚ್ಚುಕಡಿಮೆ ಹೀಗೆಯೇ ಬರೆದುಕೊಳ್ಳುತ್ತಾರೆ. ಏಳು ವರ್ಷದವನಿಗೂ ಇದು ಬರುತ್ತದೆ. ನಿಜ ಹೇಳಬೇಕೆಂದರೆ ಗಡಿಯಾರ ನೋಡುವುದನ್ನು ಅವನು ಸರಿಯಾಗಿ ಕಲಿತದ್ದೇ ಅವತ್ತು.

ಹುಲಿಯ ಪುಟ ನೋಡಿದರೆ ಇಪ್ಪತ್ತಕ್ಕೆ ಇಪ್ಪತ್ತೂ ಮ. "ಇದಕ್ಕೆ ಕೆಲಸಾನೇ ಇಲ್ವಾ?" ಎಂದು ಮಗನಿಗೆ ಸಿಟ್ಟು. ದೊಡ್ಡ ಬೆಕ್ಕುಗಳು ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತವೆ, ಒಂದೇ ಸಲ ಭರ್ತಿ ಊಟ ಹೊಡೆಯುವ ಜಾತಿ ಅದು, ಹುಲ್ಲು ತಿನ್ನುವವರ ಹಾಗೆ ದಿನವಿಡೀ ಬಾಯಾಡಿಸಬೇಕಿಲ್ಲ ಎಂದು ಹೇಳಿದೆ. ಆಗ ಅರ್ಧ ಒಪ್ಪಿದ. ಜಿರಾಫೆ ಹತ್ತಿರ ಹೋದಾಗ ಪೂರ್ತಿ ಒಪ್ಪಿದ.

ಜಿರಾಫೆ ಮುಂದೆ ನಾವು ನಿಂತದ್ದು ಇಪ್ಪತ್ತು ನಿಮಿಷ ಅಲ್ಲ, ಮುಕ್ಕಾಲು ಗಂಟೆ. ಒಂದು ಜಿರಾಫೆ ಏನೂ ತಿನ್ನದೆ ಬಾಯಿ ಮಾತ್ರ ಆಡಿಸುತ್ತಿತ್ತು. ಚೂಯಿಂಗ್ ಗಮ್ ಅಂದ ಮಗ. ಸ್ವಲ್ಪ ಹೊತ್ತು ಅದರ ಕತ್ತನ್ನೇ ನೋಡು ಎಂದೆ. ಜಗಿಯುವುದು ನಿಂತಿತು. ನುಂಗಿತು. ಎರಡು ಕ್ಷಣ ಬಿಟ್ಟು ಕತ್ತಿನ ಕೆಳಗಿನಿಂದ ಒಂದು ಉಂಡೆ ಚರ್ಮದೊಳಗೆ ಲಿಫ್ಟಿನ ಹಾಗೆ ಮೇಲಕ್ಕೆ ಹೋಯಿತು. ಮತ್ತೆ ಬಾಯಿ ಆಡತೊಡಗಿತು. ಮಗ ಕೂಗಿಕೊಂಡದ್ದಕ್ಕೆ ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಮೆಲುಕು! ಅಜ್ಜಿಮನೆ ಹಸುವಿನ ಹಾಗೇ ಮೆಲುಕು ಹಾಕುವ ಪ್ರಾಣಿ ಅದು, ಹೊಟ್ಟೆಯೊಳಗೆ ಹಸುವಿಗೆ ಇರುವ ಹಾಗೆ ನಾಲ್ಕು ಕೋಣೆ. ಕತ್ತು ಉದ್ದ ಇರುವುದರಿಂದ ಉಂಡೆ ಬರುವುದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಅದರ ಕತ್ತಿನಲ್ಲಿ ಎಷ್ಟು ಮೂಳೆ ಇರಬಹುದು ಎಂದು ಕೇಳಿದೆ. ಇಪ್ಪತ್ತು, ಐವತ್ತು, ನೂರು. ಏಳು ಎಂದಾಗ ಇಬ್ಬರೂ ನಂಬಲಿಲ್ಲ. ನಮ್ಮ ಕತ್ತಿನಲ್ಲೂ ಏಳೇ. ತಮ್ಮ ತಮ್ಮ ಕತ್ತಿನ ಹಿಂಭಾಗ ಮುಟ್ಟಿಕೊಂಡು ಎಣಿಸಲು ನೋಡಿದರು. ಆಮೇಲೆ ಅದು ನಡೆಯುವಾಗ ಒಂದೇ ಬದಿಯ ಎರಡು ಕಾಲು ಹೆಚ್ಚುಕಡಿಮೆ ಜೊತೆಯಲ್ಲೇ ಮುಂದೆ ಹೋಗುವುದನ್ನು ಮಗಳೇ ಕಂಡುಹಿಡಿದಳು. ಆ ನಡಿಗೆಯನ್ನು ಇಬ್ಬರೂ ದಾರಿಯಲ್ಲಿ ಮಾಡಿ ತೋರಿಸಿದ್ದರ ವಿಡಿಯೋ ನನ್ನ ಬಳಿ ಇದೆ, ಯಾರಿಗೂ ಕಳಿಸುವ ಹಾಗಿಲ್ಲ.

ಆನೆಗೆ ಮೈಸೂರಿನಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ನಮ್ಮ ಆನೆಯೂ ಇದೆ, ಆಫ್ರಿಕಾದ ಆನೆಯೂ ಇದೆ. ಆಫ್ರಿಕಾದ್ದರ ಹೆಸರು ರಿಚಿ, 2016ರಲ್ಲಿ ಜರ್ಮನಿಯಿಂದ ಬಂದದ್ದು. ದಸರಾ ಆನೆಗಳನ್ನು ನೋಡಿ ಬೆಳೆದ ಮಕ್ಕಳಿಗೆ ಇದರ ಕಿವಿಯೇ ಒಂದು ಪಾಠ. ಎರಡರ ನಡುವೆ ವ್ಯತ್ಯಾಸ ಹುಡುಕುವ ಆಟ ಆಡಿದೆವು. ಕಿವಿ ಮೊದಲು ಸಿಕ್ಕಿತು. ನಮ್ಮ ಆನೆಯ ತಲೆ ಮೇಲೆ ಎರಡು ಉಬ್ಬು, ಬೆನ್ನು ಕಮಾನಿನಂತೆ ಮೇಲೆ. ಆಫ್ರಿಕಾದ್ದರ ಬೆನ್ನು ನಡುವೆ ತಗ್ಗು. ಕೊನೆಗೆ ಉಳಿದದ್ದು ಸೊಂಡಿಲ ತುದಿ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಬೈನಾಕ್ಯುಲರ್ ಕೊಟ್ಟೆ. ಆಫ್ರಿಕಾದ ಆನೆಗೆ ಮೇಲೊಂದು ಕೆಳಗೊಂದು, ಎರಡು ಬೆರಳು. ನಮ್ಮದಕ್ಕೆ ಒಂದೇ. ಅದನ್ನು ಕಾಣಲು ಮಗಳಿಗೆ ಹದಿನೈದು ನಿಮಿಷ ಬೇಕಾಯಿತು. ಪುಸ್ತಕದಲ್ಲಿ ಬಿಡಿಸಿದ ಚಿತ್ರ ಆನೆಗಿಂತ ಪಕ್ಕಡದ ಹಾಗಿದೆ, ಆದರೆ ಬೆರಳು ಸರಿಯಾಗಿವೆ.

ಗೊರಿಲ್ಲಾಗಳು 2021ರಲ್ಲಿ ಜರ್ಮನಿಯಿಂದ ಬಂದವು. ಚಿಂಪಾಂಜಿ, ಒರಾಂಗುಟಾನ್ ಕೂಡ ಇಲ್ಲೇ ಇವೆ. "ಬಾಲ ಹುಡುಕಿ" ಎಂಬ ಒಂದೇ ಕೆಲಸ ಕೊಡಿ, ಬಾಲವಿಲ್ಲದ ಈ ವಾನರಗಳಿಗೂ ಬಾಲವಿರುವ ಕೋತಿಗೂ ಇರುವ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ. ಗೊರಿಲ್ಲಾ ಗಾಜಿನಾಚೆ ಕೂತು ಮಗಳನ್ನೇ ದಿಟ್ಟಿಸಿತು. ಇವಳೂ ದಿಟ್ಟಿಸಿದಳು. ನಾನೇ ಎಬ್ಬಿಸಿಕೊಂಡು ಬಂದೆ, ಗೊರಿಲ್ಲಾಗಳಿಗೆ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಸವಾಲು ಹಾಕಿದ ಹಾಗೆ. ಚಿಂಪಾಂಜಿ ಹತ್ತಿರ ಒಬ್ಬರು, ನೋಡಿದರೆ ವಿದ್ಯಾವಂತರೇ, ಎದೆ ಬಡಿದುಕೊಂಡು ಕೂಗಿ ಅದನ್ನು ಕೆಣಕುತ್ತಿದ್ದರು. ಮಗ ಜೋರಾಗಿ "ಅಮ್ಮ, ಇವರ ಪುಟದಲ್ಲಿ ಯಾವ ಅಕ್ಷರ ಬರೀಲಿ?" ಎಂದು ಕೇಳಿದ. ನಾನು ಮುಂದಕ್ಕೆ ನಡೆದೆ.

ಸಿಂಗಳೀಕ ನನ್ನ ಆಯ್ಕೆ ಯಾಕೆಂದರೆ ಅದು ನಮ್ಮ ಪಶ್ಚಿಮ ಘಟ್ಟದ್ದು, ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಗುವುದಿಲ್ಲ. ನಮ್ಮ ಶರಾವತಿ, ಅಘನಾಶಿನಿ ಕಣಿವೆಯಲ್ಲಿ ಇದೆ. ಮಕ್ಕಳಿಗೆ ಜಿರಾಫೆಯ ಊರು ಗೊತ್ತು, ಸಿಂಗಳೀಕದ ಊರು ಗೊತ್ತಿಲ್ಲ ಎಂದರೆ ಹೇಗೆ? ಇದೇ ನೆಪದಲ್ಲಿ ನಾವು ಕನ್ನಡ ಹೆಸರುಗಳ ಪಟ್ಟಿ ಶುರು ಮಾಡಿದೆವು. ಕಾಟಿ, ಕಡವೆ, ಸೀಳುನಾಯಿ, ಕಾಡುಪಾಪ, ಕತ್ತೆಕಿರುಬ. ಚೀತಾ ಬಂದಾಗ ಗೊಂದಲ ಆಯಿತು. ಚಿರತೆಗೂ ಚೀತಾಗೂ ಒಂದೇ ಹೆಸರು ಹೇಳಿಬಿಡುತ್ತೇವೆ. ಚೀತಾಗೆ ಸಿವಂಗಿ ಎಂಬ ಹಳೇ ಕನ್ನಡ ಹೆಸರೇ ಇದೆ. ಭಾರತದಲ್ಲಿ ಅದು ಅಳಿದುಹೋಯಿತೆಂದು 1952ರಲ್ಲಿ ಘೋಷಿಸಿದರು. ಪ್ರಾಣಿಯ ಜೊತೆ ಹೆಸರೂ ಹೋಯಿತು. ಮೈಸೂರಿಗೆ 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಮೂರು ಚೀತಾ ಬಂದವು. ಕಣ್ಣಿನಿಂದ ಬಾಯಿಗೆ ಇಳಿದ ಕಪ್ಪು ಗೆರೆ ನೋಡಿದರೆ ಸಾಕು, ಚಿರತೆಗೆ ಅದಿಲ್ಲ.

ಒಂದು ಪ್ರಶ್ನೆಗೆ ಮಾತ್ರ ತಯಾರಾಗಿ ಹೋಗಿ. "ಇವು ಏನು ತಪ್ಪು ಮಾಡಿವೆ, ಯಾಕೆ ಕೂಡಿ ಹಾಕಿದಾರೆ?" ನಮ್ಮ ಮಗ ತೋಳದ ಹತ್ತಿರ ಕೇಳಿದ. ಸಿಹಿ ಸುಳ್ಳು ಹೇಳಬೇಡಿ. 1892ರಲ್ಲಿ ಮಹಾರಾಜರು ಶುರು ಮಾಡಿದಾಗ ಇದು ಅರಮನೆ ಝೂ, ನೋಡಿ ಖುಷಿಪಡಲು ಕಟ್ಟಿದ್ದು ಎಂದೆ. ಮೈಸೂರಿನಲ್ಲಿ ಬಹಳ ಕಡೆ ಕಂಬಿ ಬದಲು ಕಂದಕ ಇರುವುದನ್ನು ತೋರಿಸಿದೆ. ಊರಿಗೆ ನುಗ್ಗಿ ಸಿಕ್ಕಿಬಿದ್ದ, ಗಾಯಗೊಂಡ ಹುಲಿ ಚಿರತೆಗಳನ್ನು ನೋಡಿಕೊಳ್ಳಲು ಕೂರ್ಗಳ್ಳಿಯಲ್ಲಿ ಝೂನವರದೇ ಬೇರೆ ಕೇಂದ್ರ ಇದೆ, ಅಲ್ಲಿಗೆ ನಮ್ಮಂಥವರನ್ನು ಬಿಡುವುದಿಲ್ಲ ಎಂದೂ ಹೇಳಿದೆ. "ಅದು ಚೆನ್ನಾಗಿದೆ, ಯಾರೂ ಕೂಗಲ್ಲ" ಅಂದ. ಮಗಳಿಗೆ ಪ್ರಾಣಿ ದತ್ತು ಯೋಜನೆಯ ಫಲಕ ಕಣ್ಣಿಗೆ ಬಿತ್ತು. ಆನೆ ನಮ್ಮ ಕೈಗೆ ಎಟುಕುವುದಲ್ಲ. ಸಣ್ಣ ಹಕ್ಕಿಗಳಿಗೆ ಕಡಿಮೆ. ಹುಟ್ಟುಹಬ್ಬದ ದುಡ್ಡು ಸೇರಿಸುತ್ತಿದ್ದಾಳೆ.

ಎರಡು ಗಂಟೆಗೆ ಹೊರಬಂದೆವು. ಹಾವಿನ ಕಡೆ ಹೋಗಲೇ ಇಲ್ಲ, ನೀರುಕುದುರೆಯನ್ನು ಓಡುತ್ತ ನೋಡಿದೆವು. ಬೇಜಾರಿಲ್ಲ, ಇನ್ನೊಂದು ಬುಧವಾರ ಬರುತ್ತದೆ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಪಕ್ಕದ ಕಾರಂಜಿ ಕೆರೆಗೆ ಬೇರೆ ಟಿಕೆಟ್ ತೆಗೆದುಕೊಂಡು ಹೋಗಬಹುದು, ಅಲ್ಲಿ ಒಳಗೇ ನಡೆದಾಡುವ ದೊಡ್ಡ ಹಕ್ಕಿಮನೆ ಇದೆ. ನಮಗೆ ಉಳಿದಿರಲಿಲ್ಲ. ರೈಲು ಕೃಷ್ಣರಾಜನಗರ ದಾಟುವ ಮೊದಲೇ ಇಬ್ಬರೂ ಮಲಗಿದರು.

ಮುಂದಿನ ಭಾನುವಾರ ಅಜ್ಜಿಮನೆಗೆ ಹೋದಾಗ ಮಗ ಕಾಣಲಿಲ್ಲ. ಹುಡುಕಿದರೆ ಕೊಟ್ಟಿಗೆಯಲ್ಲಿ ಗೆರೆ ಎಳೆದ ಪುಸ್ತಕ ಹಿಡಿದು ಹಸುವಿನ ಮುಂದೆ ಕೂತಿದ್ದ. ಒಂದು ಉಂಡೆಗೆ ಎಷ್ಟು ಸಲ ಜಗಿಯುತ್ತದೆ ಎಂದು ಎಣಿಸುತ್ತಿದ್ದಾನಂತೆ. ನಾನು ಮಾತಾಡಿಸಿದ್ದರಿಂದ ಲೆಕ್ಕ ತಪ್ಪಿತು ಎಂದು ನನಗೇ ಬೈದು, ಮತ್ತೆ ಒಂದರಿಂದ ಶುರು ಮಾಡಿದ.